ಕುರ್ಚಿ ಮೇಷ್ಟ್ರ ಸಂಜೆಯ ತಪಾಸಣೆ

ನನ್ನ ನಾದಿನಿ ಯಾರನ್ನೂ ನಂಬಿದವಳಲ್ಲ. ಹಾಲಿನವನ ಅಳತೆಯನ್ನು ನಂಬಲಿಲ್ಲ, ಡಾಕ್ಟರ ಚೀಟಿಯನ್ನು ನಂಬಲಿಲ್ಲ. ಸ್ವಂತ ಅಣ್ಣ, ಅಂದರೆ ನನ್ನ ಯಜಮಾನರು, ಬಾಗಿಲು ಹಾಕಿ ಬಂದೆ ಅಂದರೆ ಎದ್ದು ಹೋಗಿ ಚಿಲಕ ಎಳೆದು ನೋಡಿ ಬರುತ್ತಿದ್ದಳು. ಇಂಥವಳು ಅರ್ಧ ಆಯಸ್ಸನ್ನು ಜೈಲಿನ ಹೆಂಗಸರ ನಡುವೆ ಕಳೆದಳು. ಒಳಗಿದ್ದವರು ಹೊರಗೆ ಬಂದಮೇಲೆ ಕೈಯಲ್ಲೊಂದು ಕಸುಬು ಇರಲಿ ಎಂದು ಅಲ್ಲಿ ತರಬೇತಿ ಇಟ್ಟಿದ್ದರು. ಅದರಲ್ಲಿ ಬೆತ್ತದ ಕುರ್ಚಿ ಹೆಣೆಯುವುದನ್ನು ಕಲಿಸುತ್ತಿದ್ದವಳು ಇವಳು. ಒಳಗಿನವರು, ಹೊರಗಿನವರು, ಎಲ್ಲರಿಗೂ ಕುರ್ಚಿ ಮೇಷ್ಟ್ರು. ಹೆಂಗಸನ್ನು ಮೇಷ್ಟ್ರು ಅಂತಾರಲ್ಲ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಟೀಚರ್ ಅನ್ನಿಸ್ಕೊಂಡ್ರೆ ಆಗಾಗ ನಗಬೇಕಾಗುತ್ತೆ ಅತ್ತಿಗೆ. ಮೇಷ್ಟ್ರಿಗೆ ಆ ಕಷ್ಟ ಇಲ್ಲ" ಅಂದಿದ್ದಳು.

ನನ್ನ ಮಾವನಿಗೆ ಬಸ್ ನಿಲ್ದಾಣದ ಹಿಂದೆ ಕುರ್ಚಿ ರಿಪೇರಿ ಅಂಗಡಿ ಇತ್ತು. ಮಗ ಬೆತ್ತ ಮುಟ್ಟಲಿಲ್ಲ, ಬಸ್ಸಿನ ಸ್ಟೀರಿಂಗ್ ಹಿಡಿದರು. ಮಗಳು ಹಿಡಿದಳು. ಬೆತ್ತವನ್ನು ತೊಟ್ಟಿಯಲ್ಲಿ ನೆನೆಹಾಕಿ, ಸೀಟಿನ ಚೌಕಟ್ಟಿನ ತೂತುಗಳಲ್ಲಿ ದಾಟಿಸಿ, ಮರದ ಬೆಣೆ ಹೊಡೆದು ಬಿಗಿಯುವಾಗ ಅವಳ ನಾಲಗೆ ತುದಿ ಹಲ್ಲುಗಳ ಮಧ್ಯೆ ಇಣುಕುತ್ತಿತ್ತು. ಮದುವೆ ಮಾತು ಬಂದಾಗಲೆಲ್ಲ ಹುಡುಗನ ಕಡೆಯವರು ಕೂತ ಕುರ್ಚಿಯನ್ನೇ ನೋಡುತ್ತಿದ್ದಳಂತೆ. ಆಮೇಲೆ ಪ್ಲಾಸ್ಟಿಕ್ ಕುರ್ಚಿಗಳು ಬಂದವು, ಅಂಗಡಿ ಮುಚ್ಚಿತು. ಆ ಹೊತ್ತಿಗೆ ಜೈಲಿನ ದೊಡ್ಡ ಸಾಹೇಬರ ಕುರ್ಚಿ ಅವರು ಕೂತಂತೆಯೇ ತೂತು ಬಿತ್ತು. ಅದನ್ನು ಹೆಣೆಯಲು ಹೋದವಳನ್ನು, ಇದನ್ನೇ ನಮ್ಮ ಹೆಂಗಸರಿಗೆ ಕಲಿಸಿ ಎಂದು ಅವರು ಅಲ್ಲೇ ನಿಲ್ಲಿಸಿಕೊಂಡರು.

ಅಲ್ಲಿ ಅವಳ ಕೋಣೆಯನ್ನು ನಾನು ಒಂದೇ ಸಲ, ಹೆಂಗಸರು ಹೆಣೆದ ಕುರ್ಚಿಗಳ ಪ್ರದರ್ಶನದ ದಿನ, ನೋಡಿದ್ದು. ಕಿಟಕಿ ಎತ್ತರದಲ್ಲಿ. ನೆಲದ ಮೇಲೆ ನೀರಿನ ತೊಟ್ಟಿ. ಒದ್ದೆ ಬೆತ್ತದ ವಾಸನೆ, ಹಳೇ ಹುಲ್ಲಿನ ಮೆದೆಯೊಳಗೆ ಕೂತ ಹಾಗೆ. ಗೋಡೆಗೆ ಒಂದು ಬಿಳಿ ಹಲಗೆ, ಅದರ ಮೇಲೆ ಪ್ರತಿ ಸಲಕರಣೆಯ ಆಕಾರವನ್ನೂ ಕಪ್ಪು ಬಣ್ಣದಲ್ಲಿ ತುಂಬಿ ಬರೆದಿತ್ತು. ದಬ್ಬಳದ ಜಾಗದಲ್ಲಿ ದಬ್ಬಳದ ನೆರಳು, ಇಕ್ಕುಳದ ಜಾಗದಲ್ಲಿ ಇಕ್ಕುಳದ ನೆರಳು. ಸಲಕರಣೆ ತೂಗುಹಾಕಿದರೆ ನೆರಳು ಮುಚ್ಚಿಹೋಗುತ್ತದೆ. ಇಲ್ಲದಿದ್ದರೆ ಆ ಕರಿ ಆಕಾರ ಗೋಡೆಯಿಂದ ದಿಟ್ಟಿಸಿಕೊಂಡೇ ಇರುತ್ತದೆ.

ಕೆಲಸ ಮುಗಿದಾಗ ಹೆಂಗಸರು ತಾವೇ ಅವನ್ನು ತೂಗುಹಾಕುವ ಹಾಗಿರಲಿಲ್ಲ. ಒಬ್ಬೊಬ್ಬರೂ ಬಂದು ನಾದಿನಿಯ ಅಂಗೈಗೆ ಇಡಬೇಕು. ಅವಳು ತಿರುಗಿಸಿ, ತುದಿ ನೋಡಿ, ಹಿಡಿ ನೋಡಿ, "ಸರಿ" ಅನ್ನಬೇಕು. ಕೊನೆಯ ನೆರಳು ಮುಚ್ಚುವವರೆಗೆ ಆ ಕೋಣೆಯಿಂದ ಯಾರೂ ಕದಲುವಂತಿಲ್ಲ, ಮೇಷ್ಟ್ರೂ ಸೇರಿ. ಗೇಟಿನಲ್ಲಿ ಅವಳ ಚೀಲ, ಚಪ್ಪಲಿ, ತಲೆಗೂದಲನ್ನೂ ಕೆದಕಿ ನೋಡುತ್ತಿದ್ದರು. ಬೇರೆ ಕಲಿಸುವವರಿಗೆ ಅದು ಅವಮಾನ. ಇವಳು ಗೇಟಿನವಳಿಗೇ ಹೇಳುತ್ತಿದ್ದಳಂತೆ, "ಎಡಗಡೆ ಜೇಬು ಬಿಟ್ಟಿರಲ್ಲ, ಅದನ್ನೂ ನೋಡಿ."

ಇದೇ ಬುದ್ಧಿ ಮನೆಗೂ ಬಂದಿತ್ತು. ಯಜಮಾನರು ಹೋದಮೇಲೆ ನಾನು ನಾದಿನಿಯ ಮನೆಗೇ ಬಂದು ಸೇರಿದೆ. ಬಂದ ಹೊಸದರಲ್ಲಿ ಕರೆಂಟಿನವನೊಬ್ಬ ಫ್ಯಾನು ಸರಿಮಾಡಿ ಹೊರಟಾಗ ಇವಳು ಬಾಗಿಲಿಗೆ ಅಡ್ಡ ನಿಂತಳು.

"ಪೆಟ್ಟಿಗೆ ತೆಗೀರಿ."

"ಏನಮ್ಮ, ನನ್ನನ್ನ ಕಳ್ಳ ಅಂದ್ಕೊಂಡ್ರಾ?"

"ಹೌದು. ತೆಗೀರಿ."

ಅವನು ಮುಖ ಕೆಂಪಗೆ ಮಾಡಿಕೊಂಡು ತೆಗೆದ. ಇವಳು ಒಳಗೆಲ್ಲ ಕಣ್ಣಾಡಿಸಿ, "ಹಳದಿ ಹಿಡಿಯ ಸ್ಕ್ರೂಡ್ರೈವರ್ ಇಲ್ಲ. ಫ್ಯಾನಿನ ಮೇಲೆ ಬಿಟ್ಟಿದೀರಿ" ಅಂದಳು. ನಿಜ, ಅದು ಫ್ಯಾನಿನ ಬಟ್ಟಲಲ್ಲೇ ಇತ್ತು. ಇಳಿಸಿಕೊಂಡು ಹೋಗುವಾಗ ಅವನಿಗೆ ಸಿಟ್ಟು ಮಾಡಬೇಕೋ ಥ್ಯಾಂಕ್ಸ್ ಹೇಳಬೇಕೋ ತಿಳಿಯಲಿಲ್ಲ. ಅವಳ ಜತೆ ಒಡನಾಡಿದ ಎಲ್ಲರ ಪಾಡೂ ಅದೇ.

ಜೈಲಿಗೆ ಭಾಷಣ ಮಾಡಲು ಬರುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಒಬ್ಬಾಕೆ ಬಂದು, "ನಿಮ್ಮನ್ನೆಲ್ಲ ನಾನು ಪೂರ್ತಿ ನಂಬ್ತೀನಿ" ಎಂದು ಕಣ್ಣಲ್ಲಿ ನೀರು ತಂದುಕೊಂಡು, ತನ್ನ ಬ್ಯಾಗನ್ನು ಎಲ್ಲರ ಮಧ್ಯೆ ತೆರೆದಿಟ್ಟು ಮಾತಾಡಿದಳಂತೆ. ಹೋಗುವಾಗ ಬ್ಯಾಗಿನಲ್ಲಿದ್ದ ಸ್ಟೀಲ್ ಹಿಡಿಯ ಬಾಚಣಿಗೆ ಇರಲಿಲ್ಲ. ಆಮೇಲೆ ಹಾಸಿಗೆಗಳನ್ನೆಲ್ಲ ಜಾಲಾಡಿದರು. ಒಬ್ಬಳ ಹಾಸಿಗೆಯ ಅಡಿಯಲ್ಲಿ ಸಿಕ್ಕಿತು. ಅವಳು, ನಾನಲ್ಲ, ಯಾರೋ ಇಟ್ಟಿದ್ದಾರೆ ಅಂದಳು. ಯಾರೂ ಕೇಳಲಿಲ್ಲ. ಮಗಳನ್ನು ನೋಡುವ ಅವಳ ಭೇಟಿಗಳನ್ನು ನಿಲ್ಲಿಸಿಬಿಟ್ಟರು.

"ನಂಬ್ತೀನಿ ಅಂದವಳು ಮನೆಗೆ ಹೋಗಿ ಉಂಡು ಮಲಗಿದಳು" ಎಂದಳು ನಾದಿನಿ. "ಬ್ಯಾಗ್ ಮುಚ್ಚಿ ಮಡಿಲಲ್ಲಿ ಇಟ್ಕೊಂಡಿದ್ದಿದ್ರೆ ಇವಳು ಮಗಳ ಮುಖ ನೋಡ್ತಿದ್ಳು."

"ಅವಳೇ ಕದ್ದಿರಬಹುದಲ್ಲ?" ಎಂದೆ.

"ಇರಬಹುದು" ಎಂದಳು ನಾದಿನಿ, ಏನೂ ಆಗದವಳ ಹಾಗೆ. "ಗೊತ್ತಿಲ್ಲ ಅಂದ್ಮೇಲೆ ಗೊತ್ತಿಲ್ಲ ಅಷ್ಟೇ."

ಆ ಬಾಚಣಿಗೆಯವಳೇ ಕೆಲವು ವರ್ಷಗಳ ಮೇಲೆ ನಮ್ಮ ಮನೆಗೆ ಬಂದಳು. ಒಳಗೆ ಅವಳನ್ನು ಇರುವೆ ಅಂತ ಕರೆಯುತ್ತಿದ್ದರಂತೆ. ಗಿಡ್ಡ ಆಳು, ಸಣ್ಣ ಸೊಂಟ, ಯಾವಾಗಲೂ ಏನನ್ನಾದರೂ ಹೊತ್ತುಕೊಂಡು ಗೋಡೆಯ ಅಂಚಿನಲ್ಲೇ ನಡೆಯುವ ಅಭ್ಯಾಸ. ಶಿಕ್ಷೆ ಮುಗಿಯುವ ಮೊದಲೇ ಷರತ್ತಿನ ಮೇಲೆ ಬಿಟ್ಟಿದ್ದರು. ನಮ್ಮ ಹಿಂದಿನ ಕೋಣೆಯಲ್ಲಿ ಇರಬೇಕು, ಆ ಹೊತ್ತಿಗೆ ಜೈಲಿನ ಕೆಲಸದಿಂದ ನಿವೃತ್ತಳಾಗಿದ್ದ ನಾದಿನಿಯ ಜತೆ ಮುಂದಿನ ಕೋಣೆಯಲ್ಲಿ ಕುರ್ಚಿ ಹೆಣೆಯಬೇಕು. ತಿಂಗಳಿಗೊಮ್ಮೆ ಮೇಲ್ವಿಚಾರಣೆಯ ಅಧಿಕಾರಿ ಬಂದು ವಿಚಾರಿಸುತ್ತಾರೆ. ಅವರು ಕೂತಷ್ಟು ಹೊತ್ತೂ ಹೆಲ್ಮೆಟ್ಟನ್ನು ತೊಡೆಯ ಮೇಲೆ ಮಗುವಿನ ಹಾಗೆ ಇಟ್ಟುಕೊಳ್ಳುತ್ತಿದ್ದರಿಂದ ನಮಗೆ ಹೆಲ್ಮೆಟ್ ಸಾಹೇಬರು. ಅವರ ಬಾಯಿಂದ ಒಳ್ಳೆಯ ಮಾತು ಬಂದರೆ, ಅಕ್ಕನ ಮನೆಯಲ್ಲಿ ಬೆಳೆಯುತ್ತಿದ್ದ ಮಗಳನ್ನು ಇರುವೆ ಕರೆದುಕೊಂಡು ಬರಬಹುದು. ಕೆಟ್ಟ ಮಾತು ಬಂದರೆ ಮತ್ತೆ ಒಳಗೆ.

ಏನು ಮಾಡಿ ಒಳಗೆ ಹೋಗಿದ್ದಳು ಎಂದು ನಾನು ನಾದಿನಿಯನ್ನು ಕೇಳಿದೆ.

"ಅದನ್ನ ಕೇಳೋಕೆ ಕೋರ್ಟು ಇತ್ತು. ಕೇಳಿ ಮುಗಿಸ್ತು."

"ನನ್ನ ಜತೆ ಒಂದೇ ಸೂರಿನಡಿ ಮಲಗೋವಳು. ನನಗೆ ಗೊತ್ತಿರಬೇಡ್ವಾ?"

"ಗೊತ್ತಾದ್ರೆ ಚೆನ್ನಾಗಿ ನಿದ್ದೆ ಬರುತ್ತಾ ಅತ್ತಿಗೆ?"

ಬರುತ್ತಿರಲಿಲ್ಲ. ಗೊತ್ತಾಗದೆಯೂ ಬರಲಿಲ್ಲ. ಇರುವೆ ನನ್ನನ್ನು ದೊಡ್ಡಮ್ಮ ಅನ್ನುತ್ತಿದ್ದಳು. ಆ ದೊಡ್ಡಮ್ಮನಲ್ಲಿ ಎಷ್ಟು ಮರ್ಯಾದೆ, ಎಷ್ಟು ನಾಟಕ ಎಂದು ತೂಗಿ ನೋಡುವುದೇ ನನ್ನ ಕೆಲಸವಾಗಿತ್ತು. ಬಾಗಿಲುಗಳ ಮುಂದೆ ನಿಂತೇ ಇರುವಳು, ತಾನಾಗಿ ತೆರೆಯಳು. ಅಡಿಗೆಮನೆಯಲ್ಲಿ ನಾನು ತಿರುಗಿದರೆ ಅವಳು ಹೊಸ್ತಿಲಲ್ಲಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. "ಒಳಗೆ ಬಾ" ಅಂದರೆ ಮಾತ್ರ ಬರುವಳು. ಕೆಮ್ಮಬಾರದೆ, ಬಳೆ ಸದ್ದಾದರೂ ಮಾಡಬಾರದೆ ಅನ್ನಿಸುತ್ತಿತ್ತು. ಅವಳ ಕೈಗಳಲ್ಲಿ ಬಳೆ ಇರಲಿಲ್ಲ.

ಹಾಗೇ ಕೆಲವು ತಿಂಗಳು ಕಳೆದವು. ಆಮೇಲೊಂದು ಬೆಳಿಗ್ಗೆ ನಾದಿನಿ ತೊಟ್ಟಿಯಿಂದ ಚೆಲ್ಲಿದ ನೀರಿನ ಮೇಲೆ ಕಾಲಿಟ್ಟು ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಂಬುಲೆನ್ಸಿಗೆ ಹಾಕುವಾಗಲೂ ಹೊತ್ತವರ ಕೈಹಿಡಿತ ಸರಿಯಿದೆಯೇ ಎಂದು ನೋಡುತ್ತಿದ್ದಳು. ಆಸ್ಪತ್ರೆಯಲ್ಲಿ ಆಪರೇಷನ್ ಎಂದರು, ಮೂರ್ನಾಲ್ಕು ವಾರ ಎಂದರು. ಮನೆಯಲ್ಲಿ ನಾನು, ಇರುವೆ.

ಮೊದಲೆಲ್ಲ ನಾನು ಸಾಯಂಕಾಲ ಅಡಿಗೆ ಮುಗಿಸಿ ಎದುರು ಮನೆಯ ನರ್ಸಮ್ಮನ ಹತ್ತಿರ ಹರಟೆಗೆ ಹೋಗುತ್ತಿದ್ದೆ. ಊಟದ ಹೊತ್ತಿಗೆ ವಾಪಸು. ಈಗ ಮನೆಯನ್ನು ಅವಳ ಕೈಗೆ ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಹಾಗಾಗಿಯೇ ಕಣ್ಣಿಗೆ ಬಿತ್ತು. ಕತ್ತಲಾಗುವ ಹೊತ್ತಿಗೆ ಹಣ್ಣು ಹೆಚ್ಚಿಕೊಳ್ಳೋಣವೆಂದು ಹೋದರೆ ಚಾಕು ಇಲ್ಲ. ತೊಳೆದ ಪಾತ್ರೆಗಳ ಬುಟ್ಟಿಯಲ್ಲಿಲ್ಲ, ಗೂಡಿನಲ್ಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಚಾಕು ಅದರ ಜಾಗದಲ್ಲೇ ಇತ್ತು, ಒರೆಸಿ ಇಟ್ಟ ಹಾಗೆ.

ಮರುದಿನ ಸಂಜೆ ಚಾಕೂ ಇಲ್ಲ, ಬಟ್ಟೆಯ ಕತ್ತರಿಯೂ ಇಲ್ಲ. ಬೆಳಿಗ್ಗೆ ಎರಡೂ ಇದ್ದವು. ಅದರ ಮೇಲೊಂದು ಸಂಗತಿ. ನಾದಿನಿಯ ಖಾಲಿ ಮಂಚದ ಹೊದಿಕೆಯನ್ನು ನಾನೇ ಕೈಯಾರೆ ಎಳೆದು ಸುಕ್ಕಿಲ್ಲದೆ ಹಾಸಿದ್ದೆ. ಅದರ ನಡುವೆ ಈಗ ಒಂದು ಗುಳಿ. ಯಾರೋ ಏನೋ ಭಾರದ್ದನ್ನು ಇಟ್ಟು ತೆಗೆದಿದ್ದಾರೆ.

ನರ್ಸಮ್ಮನಿಗೆ ರಸ್ತೆಯಲ್ಲಿ ನಿಂತೇ ಹೇಳಿದೆ. ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಮಂಚ ಯಾಕೆ ಮುಟ್ತಾಳೆ? ಏನೋ ಹುಡುಕ್ತಿದಾಳೆ."

"ಏನಿದೆ ಅಲ್ಲಿ ಹುಡುಕೋಕೆ? ಹಳೇ ಬೆತ್ತ."

"ಅವಳಿಗೇನು ಗೊತ್ತು ಬೆತ್ತ ಇದೆ ಅಂತ. ನಾನು ಆಸ್ಪತ್ರೇಲಿ ಎಂಥೆಂಥವರನ್ನ ನೋಡಿಲ್ಲ. ಸಾಧು ಮುಖದವರೇ ಚಾದರ ಕದ್ದು ಸುತ್ಕೊಂಡು ಹೋಗೋದು. ನಿಮ್ಮ ಹತ್ರ ಒಂದು ಚಾಕು ಇಟ್ಕೊಳ್ಳಿ."

"ಇಟ್ಕೊಂಡು ನಾನೇನು ಮಾಡ್ಲಿ ಈ ವಯಸ್ಸಲ್ಲಿ?"

"ಮಾಡೋದು ಆಮೇಲೆ. ಇಟ್ಕೊಳ್ಳೋದು ಮುಖ್ಯ."

ಮಾತು ಸರಿ ಅನ್ನಿಸಿತು. ಸಿಪ್ಪೆ ಹೆರೆಯುವ ಒಂದು ಮಡಚುವ ಚಾಕು ಇತ್ತು, ಕೊಂಬಿನ ಹಿಡಿಯದ್ದು, ಮಾವನ ಕಾಲದ್ದು. ಅದನ್ನು ಹಿಟ್ಟಿನ ಡಬ್ಬದೊಳಗೆ ಆಳಕ್ಕೆ ಒತ್ತಿ ಮುಚ್ಚಿಟ್ಟೆ. ಹಾಗೆ ಇಟ್ಟದ್ದು ತಪ್ಪು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ನನ್ನ ಜಾಗದಲ್ಲಿದ್ದರೆ ಯಾರಾದರೂ ಇಡುತ್ತಿದ್ದರು.

ಅವತ್ತು ಸಂಜೆ ಅಡಿಗೆಮನೆಯಲ್ಲಿ ಪಾತ್ರೆಗಳ ಸದ್ದು. ಇಣುಕಿದರೆ ಇರುವೆ ಗೂಡುಗಳನ್ನೆಲ್ಲ ತಡಕಾಡುತ್ತಿದ್ದಾಳೆ. ಬುಟ್ಟಿ ಕವುಚಿ ನೋಡಿದಳು, ಒಲೆಯ ಹಿಂದೆ ಕೈಹಾಕಿದಳು, ಕಸದ ಡಬ್ಬವನ್ನೂ ಬಿಡಲಿಲ್ಲ. ನನ್ನನ್ನು ಕಂಡು ನೆಟ್ಟಗೆ ನಿಂತಳು.

"ದೊಡ್ಡಮ್ಮ, ಸಿಪ್ಪೆ ಚಾಕು ಕಾಣ್ತಿಲ್ಲ."

"ನನಗೇನು ಗೊತ್ತು" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಅಲ್ಲಿಯವರೆಗೆ ನನ್ನನ್ನು ಹಾಗೆ ನೇರವಾಗಿ ನೋಡಿದವಳಲ್ಲ. ಕಣ್ಣು ಒಂದಿಷ್ಟೂ ಮಿಟುಕಲಿಲ್ಲ. ಎಲ್ಲ ಬಿಟ್ಟು ಆ ಒಂದು ಚಾಕುವೇ ಯಾಕೆ ಬೇಕು ಇವಳಿಗೆ? ಮಡಚಿದರೆ ಮುಷ್ಟಿಯಲ್ಲಿ ಮುಚ್ಚಿಹೋಗುತ್ತದೆ, ಅದಕ್ಕೇ ಇರಬೇಕು ಅಂದುಕೊಂಡೆ. ಕೋಣೆಗೆ ಹೋಗಿ ಬಾಗಿಲು ಹಾಕಿ, ಚಿಲಕ ಎಳೆದು ನೋಡಿದೆ. ನಾದಿನಿಯ ಚಟ ನನಗೂ ಅಂಟಿಕೊಂಡಿತ್ತು.

ದೀಪ ಹಚ್ಚುವ ಹೊತ್ತಿಗೆ ನೀರು ಬೇಕಾಗಿ ಬಾಗಿಲು ಸ್ವಲ್ಪವೇ ಸರಿಸಿದೆ. ಎದುರಿಗೆ, ನನ್ನ ಬಾಗಿಲಿಗೆ ಮುಖ ಮಾಡಿ, ಕೆಲಸದ ಕೋಣೆಯ ಗಿಡ್ಡ ಸ್ಟೂಲಿನ ಮೇಲೆ ಇರುವೆ ಕೂತಿದ್ದಳು. ಮಡಿಲಲ್ಲಿ ಕೆಂಪು ಬಟ್ಟೆ. ಬಟ್ಟೆಯ ಮೇಲೆ ದೊಡ್ಡ ಚಾಕು, ಕತ್ತರಿ, ದಬ್ಬಳ, ಇಕ್ಕುಳ, ಬೆತ್ತ ಸೀಳುವ ಬಾಗಿದ ಅಲಗು, ಎಲ್ಲ ಸಾಲಾಗಿ. ಅವಳು ಬಾಯಿ ತೆರೆದು ಏನೋ ಹೇಳಲು ಹೊರಟಳು. ನಾನು ಬಾಗಿಲು ಹಾಕಿಬಿಟ್ಟೆ. ಕುರ್ಚಿ ಎಳೆದು ಅಡ್ಡ ಕೊಟ್ಟೆ. ಅದೂ ಬೆತ್ತದ ಕುರ್ಚಿಯೇ. ಅವಳೇ ಹೆಣೆದದ್ದು.

ಬೆಳಿಗ್ಗೆ ಎಲ್ಲವೂ ತಂತಮ್ಮ ಜಾಗದಲ್ಲಿದ್ದವು, ನಾದಿನಿಯ ಮಂಚದ ಮೇಲೆ ಗುಳಿ.

ಆಸ್ಪತ್ರೆಗೆ ಓಡಿದೆ. ನಾದಿನಿಗೆ ಹಿಂದಿನ ದಿನವಷ್ಟೇ ಆಪರೇಷನ್ ಆಗಿತ್ತು. ಮಂಪರಿನಲ್ಲಿದ್ದಳು. ಕೈ ಹಿಡಿದು, "ಮನೇಲಿ ಹೀಗೆ ಆಗ್ತಿದೆ" ಎಂದು ಶುರು ಮಾಡಿದರೆ, "ಇಕ್ಕುಳ ಬಂತಾ?" ಎಂದು ಕಣ್ಣು ಮುಚ್ಚಿದಳು. ಅವಳ ಅಂಗೈ ಮಾತ್ರ ಹೊದಿಕೆಯ ಮೇಲೆ ಮೇಲ್ಮುಖವಾಗಿ ತೆರೆದೇ ಇತ್ತು. ಇನ್ನು ಇವಳಿಂದ ಏನೂ ಆಗುವುದಿಲ್ಲ ಎಂದು ಎದ್ದು ಬಂದೆ.

ಮನೆಗೆ ಬರುವ ಹೊತ್ತಿಗೆ ಹೆಲ್ಮೆಟ್ ಸಾಹೇಬರ ಫೋನು. "ಇವತ್ತು ಸಾಯಂಕಾಲ ಬರ್ತೀನಿ. ಮೇಷ್ಟ್ರಿಲ್ಲ ಅಂತ ಗೊತ್ತಾಯ್ತು. ಈ ಸಲ ನಿಮ್ಮ ಹೇಳಿಕೆನೇ ತಗೋತೀನಿ. ಮಗು ವಿಷಯ ಬೇರೆ ಇದೆ, ಸರಿಯಾಗಿ ಯೋಚಿಸಿ ಹೇಳಿ."

ಯೋಚಿಸುವುದೇನು ಬಂತು. ಎಲ್ಲವನ್ನೂ ಹೇಳಿಬಿಡುವುದು ಎಂದು ತೀರ್ಮಾನಿಸಿದೆ. ಮಧ್ಯಾಹ್ನವೆಲ್ಲ ಬಾಯಲ್ಲೇ ಜೋಡಿಸಿಕೊಂಡೆ, ಚಾಕು, ಕತ್ತರಿ, ಮಂಚದ ಗುಳಿ, ಸ್ಟೂಲು. ಆಚೆ ಇರುವೆ ಸ್ನಾನ ಮಾಡಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು, ಹಿಂದಿನ ಕೋಣೆಯಲ್ಲಿ ಮಗಳಿಗೆಂದು ತಾನೇ ಹೆಣೆದ ಪುಟ್ಟ ಕುರ್ಚಿಯನ್ನು ಒರೆಸುತ್ತಿದ್ದಳು. ಒರೆಸಿದ್ದನ್ನೇ ಒರೆಸುತ್ತಿದ್ದಳು. ನನಗೆ ತೋರಿಸಲೆಂದೇ ಒರೆಸುತ್ತಿದ್ದಾಳೆ ಎಂದು ಮನಸ್ಸನ್ನು ಗಟ್ಟಿ ಮಾಡಿಕೊಂಡೆ.

ಸಾಹೇಬರು ಬಂದ ಮೋಟರ್ ಬೈಕಿನ ಸದ್ದು ಕೇಳಿ ನಾನು ಕೋಣೆಯಿಂದ ಹೊರಗೆ ಬಂದೆ. ಅವರು ಮುಂಬಾಗಿಲಲ್ಲಿ, ನಾನು ನನ್ನ ಬಾಗಿಲಲ್ಲಿ, ನಡುವೆ ಸ್ಟೂಲಿನ ಮೇಲೆ ಇರುವೆ. ಮಡಿಲಲ್ಲಿ ಅದೇ ಕೆಂಪು ಬಟ್ಟೆ, ಅದೇ ಅಲಗುಗಳು. ಅವರು ಬರುವ ದಿನವಾದರೂ ಬಿಟ್ಟಿರಲಿಲ್ಲ. ಸಾಹೇಬರು ಹೊಸ್ತಿಲ ಮೇಲಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು.

"ಏನಿದು?"

ಅವರು ಕೇಳಿದ್ದು ನನ್ನನ್ನು. ಉತ್ತರ ಕೊಟ್ಟವಳು ಇರುವೆ. ಎದ್ದು ನಿಲ್ಲಲಿಲ್ಲ, ಎದ್ದರೆ ಎಲ್ಲ ಬೀಳುತ್ತಿತ್ತು.

"ಒಂದು ಕಮ್ಮಿ ಇದೆ ಸಾಹೇಬ್ರೆ. ನಾನು ತಗೊಂಡಿಲ್ಲ. ನೀವೇ ನನ್ನ ಹಾಸಿಗೆ ನೋಡ್ಬಿಡಿ ಈಗಲೇ. ಆಮೇಲೆ ನೋಡಿದ್ರೆ ಅಲ್ಲಿ ಇರುತ್ತೆ."

"ಯಾರು ಇಡ್ತಾರೆ?"

ಅವಳು ನನ್ನ ಕಡೆ ಕೈ ತೋರಿಸಲಿಲ್ಲ. ಕಣ್ಣಷ್ಟೇ ತಿರುಗಿಸಿದಳು.

"ಮೇಷ್ಟ್ರು ಇದ್ದಾಗ ದಿನಾ ಸಂಜೆ ಮನೇಲಿರೋ ಹರಿತದ್ದೆಲ್ಲ ಅವರ ಕೈಗೆ ಕೊಡ್ತಿದ್ದೆ. ನೋಡಿ ತಗೋತಿದ್ರು, ಬೆಳಿಗ್ಗೆ ಅವರೇ ಜಾಗಕ್ಕಿಡ್ತಿದ್ರು. ಈ ಮನೆಗೆ ಬಂದ ಮೊದಲ ದಿನವೇ ಆಗಿರೋ ಮಾತು ಅದು. ಅವರು ಬಿದ್ಮೇಲೆ ದಿನಾ ಇಲ್ಲಿ ಬಂದು ಕೂರ್ತೀನಿ. ದೊಡ್ಡಮ್ಮ ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ರೆ ತೆಗೆಯೋದೇ ಇಲ್ಲ. ನಿನ್ನೆ ತೆಗೆದ್ರು, ನೋಡಿದ್ರು, ಹಾಕ್ಕೊಂಡ್ರು. ನನ್ನ ಕೋಣೇಲಿ ಇಟ್ಕೊಳ್ಳೋ ಹಾಗಿಲ್ಲ. ಮೇಷ್ಟ್ರ ಮಂಚದ ಮೇಲೆ ಇಟ್ಟು ಮಲಗ್ತೀನಿ, ಬೆಳಿಗ್ಗೆ ನಾನೇ ಜಾಗಕ್ಕಿಡ್ತೀನಿ. ಈಗ ಸಿಪ್ಪೆ ಚಾಕು ಇಲ್ಲ. ಕೇಳಿದ್ರೆ ಗೊತ್ತಿಲ್ಲ ಅಂದ್ರು. ಅವರಿಗೆ ಗೊತ್ತಿದೆ. ಮುಖ ನೋಡಿದ್ರೆ ಗೊತ್ತಾಗುತ್ತೆ. ನಾನು ಅಂಥ ಮುಖ ಬೇಕಾದಷ್ಟು ನೋಡಿದೀನಿ."

ಇಷ್ಟು ದಿನ ನಾನು ಅವಳ ಮೇಲೆ ಕಣ್ಣಿಟ್ಟಿದ್ದೆ ಅಂದುಕೊಂಡಿದ್ದೆ. ಅವಳು ನನ್ನ ಮೇಲೆ ಇಟ್ಟಿದ್ದಳು. ನಾನು ಒಳಗಿನಿಂದ ಚಿಲಕ ಎಳೆದು ನೋಡುವಾಗ ಅವಳು ಹೊರಗೆ ಕೂತು, ಈ ಮುದುಕಿ ತನ್ನನ್ನು ಮತ್ತೆ ಜೈಲಿಗೆ ಹಾಕಿಸಲು ಹೊಂಚುಹಾಕುತ್ತಿದ್ದಾಳೆ ಅಂದುಕೊಂಡಿದ್ದಳು. ನನಗೆ ಮೊದಲು ಬಂದದ್ದು ಸಿಟ್ಟು. ನಮ್ಮ ಮನೆಯಲ್ಲಿ, ನಾನು ಮಾಡಿದ ಅನ್ನ ತಿಂದು, ನನ್ನನ್ನೇ ಅನುಮಾನಿಸುತ್ತಾಳಲ್ಲ ಎಂದು.

"ಏನಮ್ಮ, ಇವಳು ಹೇಳೋದು ನಿಜಾನಾ?" ಸಾಹೇಬರು ಒಳಗೆ ಬಂದು ನಿಂತರು, ಹೆಲ್ಮೆಟ್ ತೆಗೆಯದೆ.

ಇಲ್ಲ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳ ಮಾತನ್ನು ಯಾರು ಕೇಳುತ್ತಾರೆ? ಬಾಚಣಿಗೆಯ ವಿಷಯದಲ್ಲಿ ಯಾರು ಕೇಳಿದ್ದರು? ನಾನು ಅಡಿಗೆಮನೆಗೆ ಹೋದೆ. ಹಿಟ್ಟಿನ ಡಬ್ಬ ತೆಗೆದು, ಮೊಣಕೈವರೆಗೂ ಕೈ ಇಳಿಸಿ, ತಡಕಿ, ಚಾಕು ಹೊರಗೆ ತೆಗೆದೆ. ನನ್ನ ಕೈ, ಚಾಕು, ನಡೆದ ನೆಲ ಎಲ್ಲ ಬೆಳ್ಳಗೆ. ತಂದು ಅವರ ಮುಂದೆ ಹಿಡಿದೆ.

"ಇದು ಅಲ್ಲಿಗೆ ಹೇಗೆ ಹೋಯ್ತು?"

"ನಾನಿಟ್ಟೆ. ಇವಳ ಭಯಕ್ಕೆ."

ಅವರು ಜೇಬಿನಿಂದ ಪೆನ್ನು ತೆಗೆದರು. "ಅಂದ್ರೆ ನಿಮಗೆ ಇವಳನ್ನ ಕಂಡ್ರೆ ಭಯ ಇದೆ. ಹಾಗಂತ ಬರ್ಕೊಳ್ಳಲಾ?"

ಇರುವೆಯ ಕೈಗಳು ಬಟ್ಟೆಯ ಅಂಚನ್ನು ಹಿಂಡುತ್ತಿದ್ದವು. ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು. ಆ ಪುಟ್ಟ ಕುರ್ಚಿ ಕಾಣುತ್ತಿತ್ತು. ಭಯ ಇಲ್ಲ ಅಂದರೆ ಅದು ಸುಳ್ಳು. ಇದೆ ಅಂದರೆ ಅವಳು ಒಳಗೆ. ಒಳ್ಳೆಯ ಮಾತೊಂದನ್ನು ಹುಡುಕಿದೆ. ಸಿಗಲಿಲ್ಲ. ಬಾಯಿಗೆ ಬಂದದ್ದನ್ನೇ ಹೇಳಿದೆ.

"ಬರ್ಕೊಳ್ಳಿ. ಅವಳಿಗೂ ನನ್ನ ಕಂಡ್ರೆ ಭಯ ಇದೆ. ಅದನ್ನೂ ಬರ್ಕೊಳ್ಳಿ. ಒಂದೇ ಬರ್ದು ಒಂದು ಬಿಡಬೇಡಿ."

ಸಾಹೇಬರು ಬರೆಯಲಿಲ್ಲ. ಪೆನ್ನು ಹಾಗೇ ಹಿಡಿದುಕೊಂಡು ನೋಡುತ್ತಿದ್ದರು. ನಾನು ಇರುವೆಯ ಮುಂದೆ ಹೋಗಿ ಕೈ ಚಾಚಿದೆ. ಆಸ್ಪತ್ರೆಯಲ್ಲಿ ನಾದಿನಿಯ ಅಂಗೈ ತೆರೆದಿದ್ದ ಹಾಗೇ.

"ಕೊಡು. ಹೊತ್ತಾಯ್ತು."

ಅವಳು ಮೊದಲು ದಬ್ಬಳ ಇಟ್ಟಳು. ನಾನು ತೆಗೆದುಕೊಂಡು ಪಕ್ಕಕ್ಕಿಡಲು ಹೋದರೆ ಬಿಡಲಿಲ್ಲ.

"ನೋಡಿ ತಗೊಳ್ಳಿ ದೊಡ್ಡಮ್ಮ. ನೋಡದೆ ತಗೊಂಡ್ರೆ ನಾಳೆ ನನ್ನ ಮೇಲೇ ಬರುತ್ತೆ. ತುದಿ ನೋಡಿ."

ತುದಿ ನೋಡಿದೆ, ಹಿಡಿ ನೋಡಿದೆ, "ಸರಿ" ಎಂದೆ. ಇಕ್ಕುಳ, ಸರಿ. ಬಾಗಿದ ಅಲಗು, ಸರಿ. ಕತ್ತರಿಯ ತಿರುಪು ಸಡಿಲಾಗಿತ್ತು. "ಇದು ಮೊದಲೇ ಹೀಗಿತ್ತಾ, ನೀನು ಮಾಡಿದ್ದಾ?" ಎಂದು ಕೇಳಿದೆ. "ಮೊದಲೇ ಇತ್ತು, ಮೇಷ್ಟ್ರನ್ನ ಕೇಳಿ" ಎಂದಳು. ಕೇಳಿಯೇ ಕೇಳುತ್ತೇನೆ ಎಂದೆ. ಅವಳ ಹೆಗಲು ಸ್ವಲ್ಪ ಕೆಳಗಿಳಿದದ್ದನ್ನು ನಾನು ಆಗ ನೋಡಿದೆ. ನಾನು ಒಂದೊಂದನ್ನೂ ಅನುಮಾನದಿಂದ ತಿರುಗಿಸಿದಷ್ಟೂ ಅವಳ ಉಸಿರು ಸಲೀಸಾಗುತ್ತಿತ್ತು. ನಾದಿನಿ ಇಷ್ಟು ವರ್ಷ ಅಲ್ಲಿ ಏನು ಮಾಡುತ್ತಿದ್ದಳು ಎಂಬುದು ನನಗೆ ಅಂಗೈ ಮೇಲೆ ಇಟ್ಟ ಹಾಗೆ ತಿಳಿಯಿತು. ತಾನು ಮನೆಗೆ ಹೊರಡುವ ಮುನ್ನ ಪ್ರತಿಯೊಬ್ಬಳ ಕೈಯೂ ಖಾಲಿ ಎಂದು ಎಲ್ಲರೆದುರು ಬಾಯಿಬಿಟ್ಟು ಹೇಳುತ್ತಿದ್ದಳು, ಅಷ್ಟೇ. ಅಂಥ ಮಾತು ಅವರಿಗೆ ಬೇರೆ ಯಾರಿಂದಲೂ ಸಿಗುತ್ತಿರಲಿಲ್ಲ.

ಕೊನೆಗೆ ನನ್ನ ಕೈಯಲ್ಲೇ ಇದ್ದ ಸಿಪ್ಪೆ ಚಾಕು ಉಳಿಯಿತು. ಇರುವೆ ತನ್ನ ಅಂಗೈ ಚಾಚಿದಳು.

"ಅದನ್ನ ನೀವು ನನಗೆ ಕೊಡಿ. ನಾನು ನೋಡ್ಬೇಕು."

ಕೊಟ್ಟೆ. ಅವಳು ಅಲಗು ಬಿಚ್ಚಿ, ಹಿಟ್ಟು ಊದಿ, ತಿರುಗಿಸಿ ನೋಡಿ, "ಸರಿ" ಎಂದು ವಾಪಸು ಇಟ್ಟಳು. ಸಾಹೇಬರು ಆಗ ಹೆಲ್ಮೆಟ್ ತೆಗೆದು, ಕೂರಲು ಕುರ್ಚಿ ಎಳೆದುಕೊಂಡರು. "ಇದು ದಿನಾ ನಡೆಯುತ್ತಾ?" ಎಂದು ಕೇಳಿದರು.

"ಇವತ್ತಿಂದ" ಎಂದೆ.

ಹೇಳಿಕೆ ತೆಗೆದುಕೊಂಡರು. ನಾನು ಕದ್ದು ಓದಲಿಲ್ಲ, ಅವರೇ ಓದಿ ಹೇಳಿದರು. ಮನೆಯಲ್ಲಿ ಸಂಜೆಯ ತಪಾಸಣೆ ತಪ್ಪದೆ ನಡೆಯುತ್ತಿದೆ, ಎರಡೂ ಕಡೆಯಿಂದ ಎಂದು ಬರೆದಿದ್ದರು. ಭಯದ ಮಾತನ್ನು ಹಾಕಿರಲಿಲ್ಲ. ಅದರ ಮೇಲೂ ನನಗೆ ಸ್ವಲ್ಪ ಅನುಮಾನವೇ. ಅವರ ಹತ್ತಿರ ಇನ್ನೊಂದು ಹಾಳೆ ಇದ್ದರೆ?

ಇದ್ದಿರಲಾರದು. ಮುಂದಿನ ತಿಂಗಳು ಮಗಳು ಬಂದಳು. ಬಂದವಳು ಮೊದಲು ಪುಟ್ಟ ಕುರ್ಚಿಯ ಸೀಟನ್ನು ಬೆರಳಿನಿಂದ ಒತ್ತಿ ನೋಡಿ, ಆಮೇಲೆ ಕೂತಳು. ಇರುವೆ ಅದನ್ನು ನೋಡಿ, "ನಮ್ಮ ಮೇಷ್ಟ್ರ ಮೊಮ್ಮಗಳಾಗ್ಬೇಕಿತ್ತು ಇದು" ಎಂದಳು. ನಾವಿಬ್ಬರೂ ನಕ್ಕಿದ್ದು ಅದೇ ಮೊದಲು. ನಕ್ಕಾಗಲೂ ಅವಳು ನನ್ನನ್ನು, ನಾನು ಅವಳನ್ನು ಓರೆಗಣ್ಣಲ್ಲಿ ನೋಡಿಕೊಂಡೆವು.

ನಾದಿನಿ ಕೋಲೂರಿಕೊಂಡು ವಾಪಸಾದ ಸಂಜೆ ಮಂಚಕ್ಕೆ ಒರಗಿ ಕೂತು, ನೋವಿನ ಮಾತು ಒಂದನ್ನೂ ಆಡದೆ ಕೈ ಚಾಚಿದಳು. ಇರುವೆ ಕೆಂಪು ಬಟ್ಟೆ ಬಿಚ್ಚಿದಳು. ನಾನು ಪಕ್ಕದಲ್ಲಿ ನಿಂತೆ. ದಬ್ಬಳ ಸರಿ, ಇಕ್ಕುಳ ಸರಿ. ಕತ್ತರಿಯ ತಿರುಪು ಬಿಗಿಯಾಗಿದ್ದಕ್ಕೆ ಹುಬ್ಬು ಹಾರಿಸಿದಳು. ಸಿಪ್ಪೆ ಚಾಕು ಬಂತು. ಅಲಗು ಬಿಚ್ಚಿ, ಮಡಚುವ ಸಂದಿಗೆ ಉಗುರು ಹಾಕಿ ಕೆರೆದಳು. ಉಗುರಿನ ತುದಿಯಲ್ಲಿ ಬಿಳಿ ಪುಡಿ.

"ಇದರೊಳಗೆ ಹಿಟ್ಟು ಯಾಕಿದೆ?"

ನಾನು ಕಿಟಕಿಯ ಕಡೆ ನೋಡಿದೆ. ಇರುವೆ ನೆಲ ನೋಡುತ್ತ ಕೆಂಪು ಬಟ್ಟೆ ಮಡಚತೊಡಗಿದಳು.

"ಅಡಿಗೆಮನೆ ಚಾಕು ಅಲ್ವಾ ಮೇಷ್ಟ್ರೆ" ಎಂದಳು.

"ಹೌದು. ಹಾರಿರುತ್ತೆ" ಎಂದೆ ನಾನು.

ನಾದಿನಿ ನನ್ನನ್ನು ನೋಡಿದಳು, ಅವಳನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು.

"ನೀವಿಬ್ರೂ ಏನೋ ಮುಚ್ಚಿಡ್ತಿದೀರಿ" ಎಂದು, ಚಾಕು ಮಡಚಿ ತನ್ನ ದಿಂಬಿನ ಕೆಳಗೆ ಇಟ್ಟುಕೊಂಡಳು.